ಪ್ಲಾಸ್ಟಿಕ್ ಬಿಟ್ಟು ಗಾಜಿಗೆ ಹೋದರೆ ಪ್ರೋಟೀನ್ ಉಳಿಯುತ್ತಾ?

ಪ್ರಶ್ನೆ: ಸರ್, ನಾನು ಬಯೋಕೆಮಿಸ್ಟ್ರಿ ಎಂ.ಎಸ್ಸಿ. ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಲೈಸೋಜೈಮ್ (ಬ್ಯಾಕ್ಟೀರಿಯಾದ ಕೋಶಭಿತ್ತಿ ಒಡೆಯುವ ಕಿಣ್ವ) ಬಳಸುತ್ತಿದ್ದೇನೆ. ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಸ್ಟಾಕ್ ಚೆನ್ನಾಗಿಯೇ ಇರುತ್ತದೆ. ಅದನ್ನೇ ಪಿಎಚ್ 7ರ ಬಫರ್‌ನಲ್ಲಿ 1 ಮೈಕ್ರೋಗ್ರಾಂಗೆ ಡೈಲ್ಯೂಟ್ ಮಾಡಿ ಪ್ಲಾಸ್ಟಿಕ್ ಟ್ಯೂಬಿನಲ್ಲಿ ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಆಕ್ಟಿವಿಟಿ ಅರ್ಧಕ್ಕಿಂತ ಕಡಿಮೆ. ಪ್ಲಾಸ್ಟಿಕ್ ಹೈಡ್ರೋಫೋಬಿಕ್ (ನೀರಿಗೆ ಒಗ್ಗದ್ದು), ಗಾಜು ಹೈಡ್ರೋಫಿಲಿಕ್ (ನೀರಿಗೆ ಒಗ್ಗುವಂಥದ್ದು). ಗಾಜಿಗೆ ಬದಲಾಯಿಸಿದರೆ ಸರಿಹೋಗುತ್ತೆ ಅಲ್ವಾ?

ಉತ್ತರ: ಸರಿಹೋಗಲ್ಲ. ಲೈಸೋಜೈಮ್ ವಿಷಯದಲ್ಲಿ ಗಾಜು ಇನ್ನೂ ಜಾಸ್ತಿ ತೊಂದರೆ ಕೊಡಬಹುದು.

ನಿಮ್ಮ ಪ್ರೋಟೀನ್ ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತಿರಬೇಕು. ಮೊದಲು ಲೆಕ್ಕ ನೋಡಿ. 1.5 ಮಿ.ಲೀ. ಟ್ಯೂಬಿಗೆ 1 ಮಿ.ಲೀ. ಹಾಕಿದರೆ ದ್ರಾವಣ ಹತ್ತಿರ ಹತ್ತಿರ 4 ಚದರ ಸೆಂ.ಮೀ. ಗೋಡೆಯನ್ನು ಮುಟ್ಟುತ್ತದೆ. ಒಂದು ಪದರ ಪ್ರೋಟೀನ್ ಕೂರಲು ಚದರ ಸೆಂ.ಮೀ.ಗೆ ಸಾಮಾನ್ಯವಾಗಿ 0.1ರಿಂದ 0.3 ಮೈಕ್ರೋಗ್ರಾಂ ಬೇಕು. ಅಂದರೆ ಗೋಡೆಗೇ 1 ಮೈಕ್ರೋಗ್ರಾಂವರೆಗೆ ಹಿಡಿಯುತ್ತದೆ, ನಿಮ್ಮ ಟ್ಯೂಬಿನಲ್ಲಿ ಇದ್ದದ್ದೇ ಅಷ್ಟು! ಸ್ಟಾಕ್‌ನಲ್ಲಿ 1000 ಮೈಕ್ರೋಗ್ರಾಂ ಇರುವುದರಿಂದ ಅಷ್ಟು ಹೋದರೂ ಗೊತ್ತಾಗುವುದಿಲ್ಲ.

ಪ್ಲಾಸ್ಟಿಕ್‌ಗೆ ಯಾಕೆ ಅಂಟುತ್ತದೆ? ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ನೀರು. ಹೈಡ್ರೋಫೋಬಿಕ್ ಮೇಲ್ಮೈ ಪಕ್ಕದ ನೀರಿನ ಅಣುಗಳಿಗೆ ಓಡಾಡಲು ಸ್ವಾತಂತ್ರ್ಯ ಕಡಿಮೆ. ಪ್ರೋಟೀನ್ ಬಂದು ಕೂತರೆ ಆ ನೀರು ಬಿಡುಗಡೆಯಾಗುತ್ತದೆ, ಎಂಟ್ರೊಪಿ (ಅಣುಗಳ ಅಸ್ತವ್ಯಸ್ತತೆ) ಹೆಚ್ಚುತ್ತದೆ. ಕೂತ ಮೇಲೆ ಎಷ್ಟೋ ಪ್ರೋಟೀನ್‌ಗಳು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡು, ಒಳಗೆ ಅಡಗಿಸಿಟ್ಟಿದ್ದ ನೀರಿಗೆ ಒಗ್ಗದ ಭಾಗಗಳನ್ನೂ ಗೋಡೆಗೆ ಒತ್ತಿಬಿಡುತ್ತವೆ, ಆಮೇಲೆ ಬರೀ ಬಫರ್‌ನಿಂದ ತೊಳೆದರೆ ಬರುವುದಿಲ್ಲ. ಅಲ್ಬುಮಿನ್ ಹೀಗೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಲೈಸೋಜೈಮ್ ಚಿಕ್ಕದು, ಗಟ್ಟಿ, ನಾಲ್ಕು ಡೈಸಲ್ಫೈಡ್ ಬಂಧಗಳಿವೆ. ಅದು ಅಷ್ಟಾಗಿ ಬಿಚ್ಚಿಕೊಳ್ಳಲ್ಲ, ಆದರೂ ಅಂಟುತ್ತದೆ.

ಇನ್ನು ಗಾಜು. ಹೈಡ್ರೋಫಿಲಿಕ್ ಆದರೆ ಪ್ರೋಟೀನ್ ಅಂಟಲ್ಲ ಅನ್ನುವುದು ಅರ್ಧ ಸತ್ಯ. ನೀರಿನ ಜೊತೆಗೆ ಚಾರ್ಜನ್ನೂ ನೋಡಲೇಬೇಕು. ಪಿಎಚ್ 7ರಲ್ಲಿ ಗಾಜಿನ ಮೇಲ್ಮೈ ಋಣಾತ್ಮಕ. ಲೈಸೋಜೈಮ್‌ನ ಪಿಐ (ಪ್ರೋಟೀನಿನ ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್) ಸುಮಾರು 11, ಹಾಗಾಗಿ ಅದು ಧನಾತ್ಮಕ. ಎರಡೂ ಸೆಳೆದುಕೊಳ್ಳುತ್ತವೆ. ಅಲ್ಬುಮಿನ್ ಆ ಪಿಎಚ್‌ನಲ್ಲಿ ಋಣಾತ್ಮಕ, ಗಾಜಿಗೆ ಅದು ಅಷ್ಟಾಗಿ ಹಿಡಿಯುವುದಿಲ್ಲ. ಉಪ್ಪು ಜಾಸ್ತಿ ಮಾಡಿದರೆ ಈ ಸೆಳೆತ ತಗ್ಗುತ್ತದೆ ನಿಜ, ಆದರೆ ನೀವು ಮೈಕ್ರೋಕಾಕಸ್ ಅಸ್ಸೇ (ಆ ಬ್ಯಾಕ್ಟೀರಿಯಾವನ್ನು ಕಿಣ್ವ ಎಷ್ಟು ಬೇಗ ಒಡೆಯುತ್ತದೆ ಅಂತ ಅಳೆಯುವುದು) ಮಾಡುತ್ತಿದ್ದರೆ ಉಪ್ಪಿನಿಂದ ಆಕ್ಟಿವಿಟಿಯೇ ಬದಲಾಗುತ್ತದೆ, ಸುಮ್ನೆ ಹೊಸ ಗೊಂದಲ.

ನನ್ನ ಸಲಹೆ, ಡೈಲ್ಯೂಟ್ ಮಾಡಿದ್ದನ್ನು ರಾತ್ರಿ ಇಡಲೇಬೇಡಿ. ಬೇಕಾದಾಗ ಸ್ಟಾಕ್‌ನಿಂದ ಮಾಡಿಕೊಳ್ಳಿ. ಲೋ-ಬೈಂಡ್ ಟ್ಯೂಬ್ (ಪ್ರೋಟೀನ್ ಕಡಿಮೆ ಅಂಟುವಂಥದ್ದು) ಸಿಕ್ಕರೆ ಬಳಸಿ, ಬಫರ್‌ಗೆ 0.01% ಟ್ವೀನ್-20 (ಗೋಡೆಯನ್ನು ತಾನೇ ಆವರಿಸುವ ಸೌಮ್ಯ ಡಿಟರ್ಜೆಂಟ್) ಹಾಕಿ. ಲೈಸೋಜೈಮ್ ಬೀಳುವ ಮೊದಲೇ ಟ್ವೀನ್ ಬಫರ್‌ನಲ್ಲಿರಬೇಕು, ಯಾಕೆಂದರೆ ಮೊದಲು ಬಂದವರಿಗೆ ಗೋಡೆ. ಕಂಟ್ರೋಲ್‌ಗೂ ಅದನ್ನೇ ಹಾಕಿ.

ಕಿಣ್ವ ಕೆಟ್ಟಿದೆಯೋ ಗೋಡೆಗೆ ಹೋಗಿದೆಯೋ ಅಂತ ಅನುಮಾನವಿದ್ದರೆ, ಟ್ವೀನ್ ಇಲ್ಲದ ಹೊಸ ದ್ರಾವಣವನ್ನು ಒಂದು ಟ್ಯೂಬಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅರ್ಧರ್ಧ ಗಂಟೆ ಇಟ್ಟು ವರ್ಗಾಯಿಸುತ್ತಾ ಹೋಗಿ. ಅಷ್ಟೇ ಹೊತ್ತು ಒಂದೇ ಟ್ಯೂಬಿನಲ್ಲಿಟ್ಟ ದ್ರಾವಣಕ್ಕಿಂತ ಇದರಲ್ಲಿ ಆಕ್ಟಿವಿಟಿ ತುಂಬಾ ಕಡಿಮೆ ಬಂದರೆ ಅದು ಗೋಡೆಗೇ ಹೋಗಿದೆ.