ಎಲ್ಲರೂ ಬೈದ ಆಟ ನನಗೆ ಇಷ್ಟವಾಗಿದೆ, ತಪ್ಪಾ?

ಪ್ರಿಯ ಓದುಗ ಮಿತ್ರರೇ,

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದು ಎರಡು ಸಲ ಬರೆದಿದ್ದೀರಿ, ಹಾಕಿಲ್ಲ. ಆದರೆ ಒಂದು ವಿಡಿಯೋ ಗೇಮ್ ಇಷ್ಟವಾಯಿತು ಎಂದು ಹೇಳಿಕೊಳ್ಳಲು ಹೆಸರು ಮುಚ್ಚಿಡಬೇಕು ಅನ್ನಿಸಿದೆಯಲ್ಲ, ಅದನ್ನು ಓದಿ ಬೇಸರವಾಯಿತು. ಅದಕ್ಕೇ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಇಷ್ಟು. ನೀವು 'ಏಲಿಯನ್ಸ್: ಕಲೋನಿಯಲ್ ಮರೀನ್ಸ್' ಆಟವನ್ನು ಪೂರ್ತಿ ಆಡಿ ಮುಗಿಸಿದ್ದೀರಿ. ತುಂಬಾ ಖುಷಿಪಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದ್ದೀರಿ. ಗೆಳೆಯರಿಗೆ ಹೇಳಿದರೆ ಅವರು ನಕ್ಕು, ಹಳೆಯ ವಿಮರ್ಶೆಗಳನ್ನೆಲ್ಲ ಹುಡುಕಿ ಮುಂದೆ ಹಿಡಿದರು. ಈಗ ನಿಮ್ಮದು ಮೂರು ಪ್ರಶ್ನೆ. ನನ್ನ ಅಭಿರುಚಿಯೇ ಸರಿ ಇಲ್ವಾ? ಅಥವಾ ವಿಮರ್ಶಕರು ಬೇಕೆಂದೇ ಈ ಆಟವನ್ನು ತುಳಿದರಾ? ನನ್ನ ತಂಗಿಗೆ ಇದನ್ನು ಆಡು ಅಂತ ಹೇಳಬಹುದಾ?

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇಲ್ಲ, ವಿಮರ್ಶಕರು ತುಳಿಯಲಿಲ್ಲ. ಅವರು ಬರೆದದ್ದರಲ್ಲಿ ಹೆಚ್ಚಿನದು ನಿಜ.

ಈ ಆಟದ ಹಿನ್ನೆಲೆ ನಿಮಗೆ ಗೊತ್ತಿರಬಹುದು. ಮನುಷ್ಯರನ್ನು ಬೇಟೆಯಾಡುವ ಅನ್ಯಗ್ರಹ ಜೀವಿಯ ಕಥೆಯಾದ ಮೊದಲ ಏಲಿಯನ್ ಸಿನಿಮಾ ಬಂದದ್ದು 1979ರಲ್ಲಿ, ರಿಡ್ಲಿ ಸ್ಕಾಟ್ ನಿರ್ದೇಶನದಲ್ಲಿ. 1986ರಲ್ಲಿ ಜೇಮ್ಸ್ ಕ್ಯಾಮರೂನ್ ಅದರ ಮುಂದಿನ ಭಾಗ ಮಾಡಿದರು. ಆ ಎರಡನೇ ಸಿನಿಮಾದ ಕಥೆಗೆ ನೇರ ಮುಂದುವರಿಕೆ ಎಂದು ಹೇಳಿಕೊಂಡು ಬಂದ ಆಟ ಇದು. ಸೆಗಾ ಪ್ರಕಟಿಸಿತು, ಗೇರ್‌ಬಾಕ್ಸ್ ತಯಾರಿಸಿತು, ಕೆಲಸದ ಒಂದು ದೊಡ್ಡ ಪಾಲನ್ನು ಟೈಮ್‌ಗೇಟ್ ಸ್ಟುಡಿಯೋಸ್ ಮಾಡಿತು. ವರ್ಷಗಟ್ಟಲೆ ಕಾಯಿಸಿ 2013ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಅದಕ್ಕೂ ಮೊದಲು ತೋರಿಸಿದ ಡೆಮೊಗಳಲ್ಲಿ ನೆರಳು ಬೆಳಕು, ಏಲಿಯನ್‌ಗಳ ನಡೆ, ಎಲ್ಲವೂ ಬೆರಗು ಹುಟ್ಟಿಸುವಂತಿದ್ದವು. ಜನ ಕೈಗೆ ತೆಗೆದುಕೊಂಡ ಆಟ ಹಾಗಿರಲಿಲ್ಲ. ಗೋಡೆಗಳು ಮಸುಕು ಮಸುಕು. ಜೊತೆಗಿರುವ ಸೈನಿಕರು ದಾರಿಗೆ ಅಡ್ಡ ನಿಲ್ಲುತ್ತಾರೆ. ಏಲಿಯನ್‌ಗಳು ಬಂದೂಕಿನ ಎದುರಿಗೇ ನೆಟ್ಟಗೆ ಓಡಿ ಬಂದು ಸಾಯುತ್ತವೆ. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರು ಹೋಯಿತು. ಟ್ರೇಲರ್‌ಗಳಲ್ಲಿ ಇದ್ದದ್ದು ಡೆಮೊ ದೃಶ್ಯಗಳು ಎಂದು ಸೆಗಾ ಒಪ್ಪಿಕೊಂಡು, ಹಾಗೆಂದು ಸೂಚನೆ ಸೇರಿಸಬೇಕಾಯಿತು. ಅಮೆರಿಕದಲ್ಲಿ ಮೊಕದ್ದಮೆ ಕೂಡ ಹೂಡಿದರು. ವಿಮರ್ಶಕರ ಸರಾಸರಿ ಅಂಕ ನೂರಕ್ಕೆ ಐವತ್ತನ್ನೂ ಮುಟ್ಟಲಿಲ್ಲ.

ಬಿಡುಗಡೆಯ ದಿನ ಪೂರ್ತಿ ಬೆಲೆ ಕೊಟ್ಟು ಕೊಳ್ಳಲು ಹೊರಟವನಿಗೆ 'ಬೇಡ, ನಿಲ್ಲು' ಎಂದು ಹೇಳುವುದು ವಿಮರ್ಶಕನ ಕೆಲಸ. ಅವರು ಅದನ್ನು ಚೆನ್ನಾಗಿಯೇ ಮಾಡಿದರು.

ಈಗ ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಭಾಗಕ್ಕೆ ಬರುತ್ತೇನೆ. ಸುತ್ತಲಿನ ಅಲುಗಾಟವನ್ನು ತೋರಿಸುವ ಸಾಧನವಾದ ಮೋಷನ್ ಟ್ರ್ಯಾಕರ್ ಬಗ್ಗೆ ನೀವು ಒಂದಿಡೀ ಪುಟ ಬರೆದಿದ್ದೀರಿ. 'ಹ್ಯಾಡ್ಲೀಸ್ ಹೋಪ್‌ನ ಒಂದು ಬಾಗಿಲ ಮುಂದೆ ಟ್ರ್ಯಾಕರ್ ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟೆ, ಒಳಗೆ ಹೋಗಲು ಧೈರ್ಯ ಬರಲಿಲ್ಲ' ಎಂದಿದ್ದೀರಿ. (ಹ್ಯಾಡ್ಲೀಸ್ ಹೋಪ್ ಎಂದರೆ ಎರಡನೇ ಸಿನಿಮಾದ ಕಥೆ ನಡೆಯುವ ವಸಾಹತು.) ಈ ಆಟದ ಯಾವ ವಿಮರ್ಶೆಯಲ್ಲೂ ನಾನು ಇಷ್ಟು ಜೀವ ಇರುವ ವಾಕ್ಯ ಓದಿರಲಿಲ್ಲ.

ಆ ಸಾಧನ ಸಿನಿಮಾದಲ್ಲಿ ಹೇಗಿತ್ತು ನೆನಪಿಸಿಕೊಳ್ಳಿ. ಕೈಯಲ್ಲಿ ಹಿಡಿಯುವ ಪೆಟ್ಟಿಗೆ, ಸಣ್ಣ ಪರದೆ. ಅಲೆಯಂತೆ ಒಂದು ಗೆರೆ ಹೊರಟು ಹೋಗುತ್ತದೆ. ಎದುರಿಗೆ ಏನಾದರೂ ಅಲುಗಾಡಿದರೆ ಚುಕ್ಕೆ ಕಾಣುತ್ತದೆ, ಬೀಪ್ ಎನ್ನುತ್ತದೆ. ಹತ್ತಿರ ಬಂದಷ್ಟೂ ಬೀಪ್ ಚುರುಕಾಗುತ್ತದೆ. ಎಷ್ಟು ದೂರದಲ್ಲಿದೆ ಎಂದು ಗೊತ್ತು, ಏನು ಎಂದು ಗೊತ್ತಿಲ್ಲ. ಮೇಲಿದೆಯೋ ಕೆಳಗಿದೆಯೋ ಅದೂ ಗೊತ್ತಿಲ್ಲ. ಆ ಸಿನಿಮಾದ ಭಯದ ಅರ್ಧ ಪಾಲು ಈ ಪೆಟ್ಟಿಗೆಯಿಂದಲೇ ಬಂದದ್ದು. ಆಟದಲ್ಲಿ ಅದನ್ನು ಎತ್ತಿ ಹಿಡಿದರೆ ಬಂದೂಕು ಕೆಳಗಿಳಿಯುತ್ತದೆ. ಒಂದೋ ನೋಡಬೇಕು, ಇಲ್ಲವೇ ಹೊಡೆಯಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ಇದು ಬಹಳ ಒಳ್ಳೆಯ ಯೋಚನೆ. ಏಲಿಯನ್‌ಗಳು ಸರಿಯಾಗಿ ಅಡಗಿ ಕೂತಿದ್ದರೆ ಇದೊಂದೇ ಸಾಕಿತ್ತು, ಆಟ ಎಲ್ಲೋ ಹೋಗುತ್ತಿತ್ತು. ಅವು ಅಡಗುವುದಿಲ್ಲ, ಎದುರಿಗೇ ಬಂದುಬಿಡುತ್ತವೆ, ಹಾಗಾಗಿ ಹೆಚ್ಚಿನವರು ಟ್ರ್ಯಾಕರನ್ನು ಮರೆತೇಬಿಟ್ಟರು. ನೀವು ಮರೆಯಲಿಲ್ಲ. ಆ ಬೀಪ್ ಕಿವಿಗೆ ಬಿದ್ದ ತಕ್ಷಣ ನಿಮ್ಮೊಳಗೆ ಸಿನಿಮಾ ಶುರುವಾಯಿತು.

ಆ ಬಾಗಿಲ ಮುಂದೆ ನಿಮ್ಮನ್ನು ಹಿಡಿದು ನಿಲ್ಲಿಸಿದ ಭಯದಲ್ಲಿ ಆಟದ ಪಾಲು ಒಂದಿಷ್ಟು, ನೀವೇ ಹೊತ್ತು ತಂದ ಪಾಲು ಇನ್ನೊಂದಿಷ್ಟು. ಎರಡೂ ಸೇರಿ ಹುಟ್ಟಿದ ಖುಷಿ ನಿಜವಾದ ಖುಷಿಯೇ. ಅದರಲ್ಲಿ ಕಲಬೆರಕೆ ಏನೂ ಇಲ್ಲ. ಒಂದು ಕಾಲ್ಪನಿಕ ಲೋಕವನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಅದರೊಳಗೆ ನಡೆದಾಡುವ ಅವಕಾಶವೇ ದೊಡ್ಡದು. ಸಿನಿಮಾದಲ್ಲಿ ಕ್ಯಾಮೆರಾ ಎಲ್ಲಿ ತಿರುಗಿತೋ ಅಲ್ಲಿಗಷ್ಟೇ ನಮ್ಮ ಕಣ್ಣು. ಆಟದಲ್ಲಿ ಹಾಗಲ್ಲ. ವಸಾಹತಿನ ಆಪರೇಷನ್ಸ್ ಕೋಣೆಯಲ್ಲಿ ನಿಂತು ತಲೆ ಎತ್ತಿ ಚಾವಣಿ ನೋಡಬಹುದು. ಸುಲಾಕೋ ನೌಕೆಯ ಹಜಾರಗಳಲ್ಲಿ ಓಡಾಡಬಹುದು. ಆ ನೌಕೆಯನ್ನು ಮೊದಲು ಸಿನಿಮಾಕ್ಕೆ ವಿನ್ಯಾಸ ಮಾಡಿದ್ದ ಸಿಡ್ ಮೀಡ್ ಅವರನ್ನೇ ಕರೆಸಿ, ಸಿನಿಮಾದಲ್ಲಿ ಕಾಣದ ಭಾಗಗಳನ್ನು ಈ ಆಟಕ್ಕಾಗಿ ಬರೆಸಿದ್ದರು. ಸಿನಿಮಾದ ಪಾತ್ರಗಳಾದ ಬಿಷಪ್‌ಗೆ ಲ್ಯಾನ್ಸ್ ಹೆನ್ರಿಕ್ಸನ್, ಹಿಕ್ಸ್‌ಗೆ ಮೈಕಲ್ ಬೀನ್ ಅವರದೇ ದನಿ. ಹಿಕ್ಸ್‌ನ ಶಾಟ್‌ಗನ್ ಒಂದು ಕಡೆ ಸಿಕ್ಕಿದಾಗ ಕೂಗಿಕೊಂಡೆ ಎಂದು ಬರೆದಿದ್ದೀರಿ. ಸಿನಿಮಾ ನೋಡದವರಿಗೆ ಅದು ಇನ್ನೊಂದು ಬಂದೂಕು, ಅಷ್ಟೇ. ವಿಮರ್ಶಕ ಇಬ್ಬರಿಗೂ ಸೇರಿಸಿ ಬರೆಯಬೇಕು. ನಿಮಗೆ ಆ ಹೊರೆ ಇಲ್ಲ.

ಪಟ್ಟುಬಿಡದ ಅಭಿಮಾನಿಗಳಿಗೂ ಈ ಆಟದ ಮೇಲೆ ಸಿಟ್ಟಿದೆ ಎಂಬುದನ್ನು ಮರೆಯಬಾರದು. ಸಿನಿಮಾದ ಕೊನೆಯಲ್ಲಿ ಸ್ಫೋಟವಾಗಿ ಹೋದ ವಸಾಹತು ಇಲ್ಲಿ ಇನ್ನೂ ನಿಂತಿದೆ. ಮೂರನೇ ಸಿನಿಮಾದ ಶುರುವಿನಲ್ಲೇ ಸತ್ತ ಹಿಕ್ಸ್ ಇಲ್ಲಿ ಬದುಕಿದ್ದಾನೆ. ಇದನ್ನು ನುಂಗಿಕೊಳ್ಳಲು ಆಗದವರ ಜೊತೆ ನಾನು ಜಗಳ ಮಾಡುವುದಿಲ್ಲ. ನನಗೂ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ನಿಮ್ಮ ಪತ್ರದಲ್ಲಿ ಇದರ ಸುಳಿವಿಲ್ಲ, ಬಹುಶಃ ನಿಮಗೆ ಗೊತ್ತಿಲ್ಲ.

ಬಿಡುಗಡೆಯಾಗಿ ಐದು ವರ್ಷದ ಮೇಲೆ, 2018ರಲ್ಲಿ, ಈ ಆಟದ ಬಗ್ಗೆ ಒಂದು ಸುದ್ದಿ ಎಲ್ಲೆಡೆ ಓಡಾಡಿತು. ಕಂಪ್ಯೂಟರ್ ಆವೃತ್ತಿಯ ಸೆಟ್ಟಿಂಗ್ಸ್ ಫೈಲೊಂದರಲ್ಲಿ ಒಂದು ಅಕ್ಷರ ತಪ್ಪಿತ್ತು. ಏಲಿಯನ್ ಎಲ್ಲಿ ನಿಲ್ಲಬೇಕು, ಎಲ್ಲಿಂದ ಸುತ್ತಿ ಬರಬೇಕು ಎಂದು ಅದನ್ನು ಒಂದೊಂದು ಜಾಗಕ್ಕೆ ಕಟ್ಟಿಹಾಕುವ ಆಜ್ಞೆ ಅದು. 'ಟೆದರ್' ಎಂಬ ಪದಕ್ಕೆ ಇಂಗ್ಲಿಷಿನ ಒಂದು 'ಎ' ಜಾಸ್ತಿ ಸೇರಿಕೊಂಡಿತ್ತು. ಕಂಪ್ಯೂಟರ್‌ಗೆ ಆ ಹೆಸರಿನದು ಏನೂ ಸಿಗಲಿಲ್ಲ, ಆಜ್ಞೆಯನ್ನು ಬಿಟ್ಟು ಮುಂದೆ ಹೋಯಿತು. ಏಲಿಯನ್‌ಗಳು ದಿಕ್ಕುದೆಸೆ ಇಲ್ಲದೆ ನೆಟ್ಟಗೆ ಓಡಿ ಬರುತ್ತಿದ್ದುದಕ್ಕೆ ಇದೂ ಒಂದು ಕಾರಣ. ನೋಟ್‌ಪ್ಯಾಡ್‌ನಲ್ಲಿ ಆ ಫೈಲ್ ತೆರೆದು, ಒಂದು ಅಕ್ಷರ ಅಳಿಸಿ ಸೇವ್ ಮಾಡಿದರೆ ಅವು ಬದಿಯಿಂದ ಬರುತ್ತವೆ, ಹಿಂದಿನಿಂದ ಸುತ್ತುವರಿಯುತ್ತವೆ. ಗೋಡೆ ಮಸುಕಾಗಿಯೇ ಇರುತ್ತದೆ, ಕಥೆ ಅದೇ ಕಥೆ. ಆದರೆ ಹೊಡೆದಾಟಕ್ಕೆ ಒಂದಿಷ್ಟು ಜೀವ ಬರುತ್ತದೆ.

ಅದನ್ನು ಹುಡುಕಿದವರು ಯಾರು ಎಂದು ಯೋಚಿಸಿ. ಆಟವನ್ನು ಬೈದು ಪಕ್ಕಕ್ಕಿಟ್ಟವರು ಅದರ ಸೆಟ್ಟಿಂಗ್ಸ್ ಫೈಲ್ ತೆರೆದು ಸಾಲು ಸಾಲಾಗಿ ಓದುವುದಿಲ್ಲ. ಎಲ್ಲರೂ ನಕ್ಕು ಮುಂದೆ ಹೋದ ಮೇಲೂ ಇದನ್ನೇ ಆಡುತ್ತ, ಇದರ ಫೈಲುಗಳನ್ನು ಕೆದಕುತ್ತ ಕೂತಿದ್ದ ಒಬ್ಬ ಆಟಗಾರ ಅದನ್ನು ಕಂಡುಹಿಡಿದದ್ದು. ಆಟ ಇಷ್ಟವಾಗಿದ್ದಕ್ಕೇ ಅದರ ದೋಷ ಅಷ್ಟು ಹತ್ತಿರದಿಂದ ಕಂಡಿತು. ಇಷ್ಟಪಟ್ಟವರು ಕುರುಡರಾಗಿರುತ್ತಾರೆ ಎಂದು ನಿಮ್ಮ ಗೆಳೆಯರು ಅಂದುಕೊಂಡಿದ್ದರೆ ಈ ಕಥೆ ಹೇಳಿ.

ಇಂಥದ್ದು ಮೊದಲೂ ಆಗಿದೆ. 1982ರಲ್ಲಿ ಅಟಾರಿ ಕಂಪನಿ ಇ.ಟಿ. ಸಿನಿಮಾದ ಮೇಲೆ ಒಂದು ಆಟ ತಂದಿತು. ಪ್ರೋಗ್ರಾಮರ್ ಹೋವರ್ಡ್ ಸ್ಕಾಟ್ ವಾರ್ಷಾ ಅದನ್ನು ಸುಮಾರು ಐದು ವಾರದಲ್ಲಿ ಮುಗಿಸಬೇಕಾಯಿತು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಹೂತುಹಾಕಿದರು, 2014ರಲ್ಲಿ ಅಗೆದು ತೆಗೆದಾಗ ಸಿಕ್ಕವು. ಪದೇ ಪದೇ ಗುಂಡಿಗೆ ಬೀಳುವುದು ಆ ಆಟದ ದೊಡ್ಡ ಕಿರಿಕಿರಿ. ದಶಕಗಳು ಕಳೆದ ಮೇಲೆ ಅದರ ಅಭಿಮಾನಿಯೊಬ್ಬರು ಕೋಡ್ ಬಿಚ್ಚಿ ನೋಡಿ ಅದನ್ನು ತಿದ್ದಿದರು. ತಿದ್ದುವ ವಿಧಾನವನ್ನು ಎಲ್ಲರಿಗೂ ಹಂಚಿದರು.

ಇನ್ನು ನಿಮ್ಮ ಮೊದಲ ಪ್ರಶ್ನೆ, ಅಭಿರುಚಿಯದು. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂದು ಗೆಳೆಯರು ಚುಚ್ಚಿದರು ಎಂದಿದ್ದೀರಿ. ನಿಮ್ಮ ಪತ್ರ ಓದಿದ ನನಗೆ ಹಾಗನ್ನಿಸಲಿಲ್ಲ. ಆಟದಲ್ಲಿ ಏನು ಕೆಟ್ಟಿದೆ ಎಂದು ನೀವೇ ಪಟ್ಟಿ ಮಾಡಿದ್ದೀರಿ. ಕೊನೆಯ ಹಂತ ಸಪ್ಪೆ ಎಂದಿದ್ದೀರಿ. ಮನುಷ್ಯ ಶತ್ರುಗಳ ಜೊತೆಗಿನ ಗುಂಡಿನ ಕಾಳಗ ಜಾಸ್ತಿಯಾಯಿತು, ಏಲಿಯನ್ ಆಟದಲ್ಲಿ ಅದು ಯಾಕೆ ಬೇಕಿತ್ತು ಎಂದು ಕೇಳಿದ್ದೀರಿ. ಸರಿಯಾದ ಪ್ರಶ್ನೆ. ಏನು ಇಷ್ಟ, ಯಾಕೆ ಇಷ್ಟ, ಏನು ಇಷ್ಟವಿಲ್ಲ ಎಂದು ಬಿಡಿಸಿ ಹೇಳಬಲ್ಲವರ ಅಭಿರುಚಿಗೆ ಏನೂ ಆಗಿಲ್ಲ. ಸರಾಸರಿ ಅಂಕ ನೋಡಿ 'ಕೆಟ್ಟದ್ದು' ಎನ್ನುವ ಗೆಳೆಯರು ಆಟವನ್ನು ಆಡಿದ್ದಾರಾ ಎಂದು ನೀವು ಬರೆದಿಲ್ಲ. ಕೇಳಿ ನೋಡಿ.

ಅಂಕದ ಬಗ್ಗೆ ಒಂದು ಮಾತು. ಒಬ್ಬ ವಿಮರ್ಶಕನಿಗೆ ಗ್ರಾಫಿಕ್ಸ್ ಮೇಲೆ ಸಿಟ್ಟು, ಇನ್ನೊಬ್ಬನಿಗೆ ಕಥೆಯ ಮೇಲೆ, ಮತ್ತೊಬ್ಬನಿಗೆ ಡೆಮೊ ತೋರಿಸಿ ಮೋಸ ಮಾಡಿದ್ದರ ಮೇಲೆ. ಮೂರನ್ನೂ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆಯಲ್ಲಿ ಯಾರ ಮಾತೂ ಉಳಿಯುವುದಿಲ್ಲ. ವಿಮರ್ಶೆಯನ್ನು ಓದಬೇಕು. ಬರೀ ಅಂಕ ನೋಡಿ ಪುಟ ಮುಚ್ಚಿದರೆ ಬರೆದವರ ಶ್ರಮವೂ ದಂಡ. ಇದೇ ಸರಣಿಯಲ್ಲಿ 2014ರಲ್ಲಿ ಬಂದ 'ಏಲಿಯನ್: ಐಸೊಲೇಷನ್' ನೋಡಿ. ಬಹಳ ಮಂದಿ ಹೊಗಳಿದರು, ಆದರೆ ಒಂದು ದೊಡ್ಡ ವಿಮರ್ಶಾ ತಾಣ ಅದಕ್ಕೆ 10ಕ್ಕೆ 5.9 ಕೊಟ್ಟಿತು. ಇಂದು ಅದನ್ನು ಭಯದ ಆಟಗಳಲ್ಲಿ ಮೇಲ್ಪಂಕ್ತಿಯದು ಎಂದು ಜನ ನೆನೆಯುತ್ತಾರೆ. ಆ ವಿಮರ್ಶೆಯನ್ನು ಓದಿದರೆ ತುಂಬಾ ಉದ್ದವಾಯಿತು, ಎಲ್ಲೆಂದರಲ್ಲಿ ಸಾಯುತ್ತೇವೆ ಎಂಬ ದೂರು ಕಾಣುತ್ತದೆ. ಆ ದೂರು ಸುಳ್ಳಲ್ಲ. ಕೆಲವರಿಗೆ ಬೇಕಾಗಿದ್ದೇ ಅದು.

ಒಂದು ವಿಷಯದಲ್ಲಿ ಮಾತ್ರ ನಿಮ್ಮನ್ನು ತಡೆಯುತ್ತೇನೆ. 'ಕಂಪನಿಯವರು ಅಷ್ಟೇನೂ ತಪ್ಪು ಮಾಡಲಿಲ್ಲ, ಎಲ್ಲರೂ ಡೆಮೊವನ್ನು ಸಿಂಗರಿಸಿಯೇ ತೋರಿಸುತ್ತಾರೆ' ಎಂದು ಬರೆದಿದ್ದೀರಿ. ಇದು ಬೇಡ. ಆಟವನ್ನು ಇಷ್ಟಪಟ್ಟ ಮಾತ್ರಕ್ಕೆ ಅದನ್ನು ಮಾರಿದ ರೀತಿಯನ್ನೂ ಸಮರ್ಥಿಸಬೇಕು ಎಂದೇನಿಲ್ಲ. ಡೆಮೊ ನಂಬಿ ಮುಂಗಡ ಕೊಟ್ಟವರಿಗೆ ಆದ ನಷ್ಟ ನಿಜ. ನಿಮಗೆ ಅದು ತಾಗಲಿಲ್ಲ, ಯಾಕೆಂದರೆ ನೀವು ವರ್ಷಗಳ ನಂತರ, ಬೆಲೆ ಇಳಿದ ಮೇಲೆ, ಇದು ಹೇಗಿದೆ ಎಂದು ಗೊತ್ತಿದ್ದೇ ಕೊಂಡಿರಿ. ಅವರ ಸಿಟ್ಟಿಗೂ ನಿಮ್ಮ ಖುಷಿಗೂ ಜಗಳವಿಲ್ಲ. ಗೆಳೆಯರ ಜೊತೆ ವಾದ ಮಾಡುವಾಗ ಈ ಒಂದನ್ನು ಬಿಟ್ಟುಕೊಡಿ.

ಕೊನೆಗೆ ತಂಗಿಯ ವಿಷಯ. ಅವರು 1986ರ ಸಿನಿಮಾ ನೋಡಿದ್ದಾರಾ ಎಂದು ಮೊದಲು ಕೇಳಿ. ನೋಡಿಲ್ಲದಿದ್ದರೆ ಈ ಆಟ ಕೊಡಬೇಡಿ. ಅವರಿಗೆ ಸಿಗುವುದು ಮಸುಕು ಗೋಡೆ ಮತ್ತು ಎದುರಿಗೆ ಓಡಿ ಬಂದು ಸಾಯುವ ಪ್ರಾಣಿ ಮಾತ್ರ. ಸಿನಿಮಾ ತೋರಿಸಿ, ಅವರಿಗೆ ಹಿಡಿಸಿದರೆ ಮುಂದಿನ ಮಾತು. ನೋಡಿ ಮೆಚ್ಚಿದ್ದರೆ ಖಂಡಿತ ಆಡಿಸಿ, ಆದರೆ ಒಬ್ಬರನ್ನೇ ಕೂರಿಸಬೇಡಿ. ಇದರಲ್ಲಿ ನಾಲ್ವರವರೆಗೆ ಜೊತೆಯಾಗಿ ಆಡಬಹುದು. ಅಡ್ಡ ನಿಲ್ಲುವ ಪೆದ್ದು ಸೈನಿಕನ ಬದಲು ಪಕ್ಕದಲ್ಲಿ ನೀವಿದ್ದರೆ ಆಟವೇ ಬೇರೆ. ಕಂಪ್ಯೂಟರ್‌ನಲ್ಲಿ ಆಡುವುದಾದರೆ ಆ ಒಂದು ಅಕ್ಷರವನ್ನು ಮೊದಲೇ ಅಳಿಸಿಡಿ. ಕನ್ಸೋಲ್‌ನಲ್ಲಿ ಅದಕ್ಕೆ ದಾರಿಯಿಲ್ಲ. ಟ್ರ್ಯಾಕರನ್ನು ಒಬ್ಬರು ಹಿಡಿಯಿರಿ, ಬಂದೂಕನ್ನು ಇನ್ನೊಬ್ಬರು. ಆಡಿದ ಮೇಲೆ ತಂಗಿಗೆ ಏನನ್ನಿಸಿತು ಎಂದು ಅವರಿಂದಲೇ ಬರೆಸಿ ಕಳಿಸಿ. ಅವರಿಗೆ ಇಷ್ಟವಾಗದಿದ್ದರೆ ಆ ಪತ್ರವನ್ನೂ ಹಾಕುತ್ತೇವೆ.

ಪ್ರೀತಿಯಿಂದ,
ಸಂಪಾದಕರು