ಕುಂಡದಲ್ಲಿ ಬರ ತಡೆದ ಗಿಡ ಹೊಲದಲ್ಲೇಕೆ ಸೋಲುತ್ತದೆ?

ಕೃಷಿ ಪದವಿಯ ಕೊನೆಯ ವರ್ಷದಲ್ಲಿರುವ ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ: ಬರ ತಡೆಯುವ ಸಸ್ಯಗಳ ಸುದ್ದಿ ಪ್ರಯೋಗಾಲಯಗಳಿಂದ ಆಗಾಗ ಬರುತ್ತಿದ್ದರೂ ಅಂಥ ಬೀಜ ರೈತನ ಕೈಗೆ ಸಿಗುವುದು ಏಕಿಷ್ಟು ಅಪರೂಪ, ಮತ್ತು ಇಂಥ ಸಂಶೋಧನೆಗೆ ಆಯುಷ್ಯವನ್ನೇ ಕೊಡಬಹುದೇ. ಬೆಳೆ ಶರೀರಕ್ರಿಯಾಶಾಸ್ತ್ರದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಮೊದಲನೆಯ ಪ್ರಶ್ನೆಯನ್ನು ಬಿಡಿಸಿ ಹೇಳಿದರೆ ಎರಡನೆಯದನ್ನು ನೀವೇ ತೀರ್ಮಾನಿಸಬಲ್ಲಿರೆಂದು ನಂಬಿದ್ದೇನೆ.

ನನ್ನ ಪಿಎಚ್.ಡಿ.ಯ ಬಹುಪಾಲು ಕುಂಡಗಳನ್ನು ತೂಗುವುದರಲ್ಲೇ ಕಳೆಯಿತು. ಮಣ್ಣಿನಿಂದ ನೇರವಾಗಿ ನೀರು ಆವಿಯಾಗದಂತೆ ಮೇಲ್ಭಾಗವನ್ನು ಮುಚ್ಚಿ, ಶೇಂಗಾ ಗಿಡಗಳಿದ್ದ ಕುಂಡಗಳನ್ನು ದಿನವೂ ತಕ್ಕಡಿಗೆ ಏರಿಸಿ, ತೂಕ ಎಷ್ಟು ಇಳಿದಿದೆಯೋ ಅಷ್ಟು ನೀರು ಎಲೆಗಳಿಂದ ಹೊರಹೋಯಿತೆಂದು ಬರೆದುಕೊಳ್ಳುವುದೇ ಆ ಕೆಲಸ. ಒಂದು ಗ್ರಾಂ ಒಣತೂಕ ಕಟ್ಟಿಕೊಳ್ಳಲು ಜೋಳದಂಥ ಬೆಳೆಗೆ ಸುಮಾರು 300 ಗ್ರಾಂ ನೀರು ಸಾಕಾದರೆ, ಭತ್ತ, ಶೇಂಗಾಗಳಿಗೆ 500 ಗ್ರಾಂ ಕೂಡ ಸಾಲದಿರಬಹುದು. ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದೂ ನೀರಾವಿ ಹೊರಹೋಗುವುದೂ ಎಲೆಯ ಮೇಲಿನ ಒಂದೇ ಸೂಕ್ಷ್ಮ ಪತ್ರರಂಧ್ರದ ಮೂಲಕವಾದ್ದರಿಂದ, ಮಣ್ಣು ಒಣಗಿದಾಗ ಅಬ್ಸಿಸಿಕ್ ಆಮ್ಲವೆಂಬ ಸಸ್ಯ ಹಾರ್ಮೋನು ಅದನ್ನು ಮುಚ್ಚಿಸಿದರೆ ನೀರು ಉಳಿಯುತ್ತದೆ, ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಬೇಗ ಮುಚ್ಚಿಕೊಳ್ಳುವ ಗಿಡ ಪಕ್ಕದ ಗಿಡ ಬಾಡಿದ ಮೇಲೂ ಹಸಿರಾಗಿದ್ದು ಛಾಯಾಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಕಾಯಿ ಬಿಡಿಸಿ ತೂಗಿದಾಗ ಅದೇ ಹಿಂದೆ ಬಿದ್ದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇಳುವರಿಯೆಂದರೆ ಬೆಳೆ ಬಳಸಿದ ನೀರು, ಆ ನೀರಿನ ಬಳಕೆಯ ದಕ್ಷತೆ ಮತ್ತು ಒಟ್ಟು ತೂಕದಲ್ಲಿ ಕಾಳಿನ ಪಾಲು, ಈ ಮೂರರ ಗುಣಲಬ್ಧವೆಂದು ಆಸ್ಟ್ರೇಲಿಯದ ಜಾನ್ ಪಾಸಿಯೂರ 1977ರಲ್ಲಿ ಬರೆದರು. ದಕ್ಷತೆಯೊಂದನ್ನೇ ಬೆನ್ನಟ್ಟಿ ಬೆಳೆ ಹೀರುವ ನೀರನ್ನೇ ಕಡಿಮೆ ಮಾಡಿದರೆ ಗುಣಲಬ್ಧ ಏರುವುದಿಲ್ಲ.

ಇನ್ನೊಂದು ತೊಡಕು ಕುಂಡದ್ದೇ. ಕೆಲವು ಕಿಲೋ ಮಣ್ಣಿಗೆ ನೀರು ನಿಲ್ಲಿಸಿದರೆ ವಾರದೊಳಗೆ ಒಣಗಿಬಿಡುತ್ತದೆ. ಆಳವಾದ ಹೊಲದಲ್ಲಿ ತೇವ ವಾರಗಟ್ಟಲೆ ಮೆಲ್ಲಗೆ ಇಳಿಯುತ್ತದೆ. ಆ ಅವಧಿಯಲ್ಲಿ ಗಿಡ ಬೇರನ್ನು ಕೆಳಗಿಳಿಸುತ್ತದೆ, ನೀರನ್ನು ಹಿಡಿದಿಡಲು ಜೀವಕೋಶಗಳಲ್ಲಿ ಸಕ್ಕರೆ, ಪ್ರೋಲಿನ್ ಎಂಬ ಅಮೈನೋ ಆಮ್ಲದಂಥ ದ್ರಾವ್ಯಗಳನ್ನು ಕೂಡಿಹಾಕಿಕೊಳ್ಳುತ್ತದೆ. ಕುಂಡದಲ್ಲಿ ಬೇರಿಗೆ ಜಾಗವೂ ಇಲ್ಲ, ಹೊಂದಿಕೊಳ್ಳಲು ಕಾಲವೂ ಇಲ್ಲ. ಶಾಖದ ವಿಷಯದಲ್ಲಿ ಇದೇ ಪಾಠವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಬಹಳ ಅಂದವಾಗಿ ತೋರಿಸಿದರು: ಸೂರ್ಯಕಾಂತಿಯ ಮೊಳಕೆಗಳನ್ನು ಒಮ್ಮೆಲೇ ಮಾರಕ ತಾಪಕ್ಕೆ ಒಡ್ಡುವ ಬದಲು ಮೊದಲು ಹಂತಹಂತವಾಗಿ ಬೆಚ್ಚಗೆ ಮಾಡಿ, ಬಳಿಕ ಆ ತಾಪಕ್ಕೆ ಒಯ್ದಾಗ ಮಾತ್ರ ತಳಿತಳಿಗಳ ನಡುವಿನ ನಿಜವಾದ ವ್ಯತ್ಯಾಸ ಹೊರಬಿತ್ತು.

ಬರವೂ ಒಂದೇ ಬಗೆಯದಲ್ಲ. ಚಳ್ಳಕೆರೆ, ಪಾವಗಡಗಳ ಕೆಂಪು ನೆಲದ ಶೇಂಗಾಕ್ಕೆ ಮಳೆಗಾಲದ ನಡುವೆಯೇ ಮೂರ್ನಾಲ್ಕು ವಾರ ಮಳೆ ಕೈಕೊಡುತ್ತದೆ, ಮತ್ತೆ ಬರುತ್ತದೆ. ಅಲ್ಲಿ ಚೇತರಿಸಿಕೊಂಡು ಮರಳಿ ಹೂ ಬಿಡುವ ಗುಣ ಬೇಕು. ವಿಜಯಪುರದ ಎರೆ ಭೂಮಿಯ ಹಿಂಗಾರಿ ಜೋಳವಾದರೋ ಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆಯುತ್ತದೆ, ರೈತರು ಎಡೆ ಹೊಡೆದು ಬಿರುಕು ಮುಚ್ಚಿ ಆ ಹಸಿಯನ್ನು ಕಾಯುತ್ತಾರೆ, ಮತ್ತು ಕಾಳು ಕಟ್ಟುವ ಹೊತ್ತಿಗೆ ಸರಿಯಾಗಿ ಅದು ಮುಗಿಯುತ್ತದೆ. ಅಲ್ಲಿ ಮೊದಲಲ್ಲಿ ಮಿತವಾಗಿ ಹೀರಿ ಕೊನೆಗೆ ಉಳಿಸುವ ಗಿಡ ಗೆಲ್ಲುತ್ತದೆ. ಒಂದೆಡೆಯ ವರ ಇನ್ನೊಂದೆಡೆ ಶಾಪವಾಗಬಹುದು. ‘ಬರ ನಿರೋಧಕ ಜೀನ್’ ಎಂಬ ಶೀರ್ಷಿಕೆ ಕಂಡಾಗಲೆಲ್ಲ ಯಾವ ಬರಕ್ಕೆ ಎಂದು ನಾನು ಗೊಣಗುವುದು ಇದಕ್ಕೇ.

ಪ್ರವಾಹದ ಕಥೆ ಬೇರೆ. ಒಡಿಶಾದ ಎಫ್‌ಆರ್13ಎ ಎಂಬ ಭತ್ತ ಎರಡು ವಾರದವರೆಗೆ ಪೂರ್ತಿ ಮುಳುಗಿದ್ದರೂ ಬದುಕುತ್ತಿತ್ತು. ನೀರಿನ ಮೇಲೆ ತಲೆ ಎತ್ತಲು ಹೆಣಗಾಡದೆ, ಬೆಳವಣಿಗೆ ನಿಲ್ಲಿಸಿ ಪಿಷ್ಟವನ್ನು ಉಳಿಸಿಕೊಳ್ಳುವುದೇ ಅದರ ಉಪಾಯ. ಅದಕ್ಕೆ ಕಾರಣವಾದ ಭಾಗ ಯಾವ ವರ್ಣತಂತುವಿನಲ್ಲಿದೆಯೆಂದು 1996ರಲ್ಲಿ ಗೊತ್ತಾಯಿತು, ಸಬ್1ಎ ಜೀನ್ 2006ರಲ್ಲಿ ಪ್ರಕಟವಾಯಿತು, ಜನಪ್ರಿಯ ಸ್ವರ್ಣ ಭತ್ತಕ್ಕೆ ಆ ಗುಣ ಸೇರಿಸಿದ ಸ್ವರ್ಣ-ಸಬ್1 ತಳಿ 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಮುಳುಗುವುದು ಆರಂಭ, ಅಂತ್ಯಗಳು ಸ್ಪಷ್ಟವಾಗಿರುವ ಒತ್ತಡವಾದ್ದರಿಂದ ಒಂದು ಜೀನ್‌ಗೆ ಅಷ್ಟು ಕೆಲಸ ಸಾಧ್ಯವಾಯಿತು. ಬರದ ವಿಷಯದಲ್ಲಿ ಜಪಾನಿನ ವಿಜ್ಞಾನಿಗಳು, ಒತ್ತಡ ಎದುರಿಸುವ ಇತರ ಜೀನ್‌ಗಳನ್ನು ಚಾಲೂ ಮಾಡುವ ಡ್ರೆಬ್1ಎ ಜೀನನ್ನು ಸದಾ ಚಾಲೂ ಇರುವಂತೆ ಮಾಡಿದಾಗ ಸಸ್ಯಗಳು ಕುಬ್ಜವಾದವು. ಒತ್ತಡ ಬಂದಾಗ ಮಾತ್ರ ಅದು ಎಚ್ಚರಗೊಳ್ಳುವಂತೆ 1999ರಲ್ಲಿ ಮಾರ್ಪಡಿಸಿದ ಮೇಲೆ ಆ ದೋಷ ಬಹಳಷ್ಟು ತಗ್ಗಿತು.

ಇನ್ನು ಆಯುಷ್ಯದ ಪ್ರಶ್ನೆ. ಸ್ನಾತಕೋತ್ತರ ಪದವಿ, ಪಿಎಚ್.ಡಿ. ಸೇರಿ ಆರೇಳು ವರ್ಷ ಹಿಡಿಯುತ್ತದೆ, ಖಾಯಂ ಹುದ್ದೆಗಳು ಕಡಿಮೆ, ಮೂರು ವರ್ಷದ ಯೋಜನೆಯಲ್ಲಿ ಮೂರೂ ವರ್ಷ ಒಳ್ಳೆಯ ಮಳೆ ಬಂದರೆ ಬರದ ಸಂಶೋಧಕನಷ್ಟು ದುಃಖಿ ಇನ್ನೊಬ್ಬನಿಲ್ಲ. ಒಂದು ಆಗಸ್ಟ್ ರಾತ್ರಿ ನಮ್ಮ ಪ್ರಯೋಗದ ತಾಕಿನ ಮೇಲಿದ್ದ ಪ್ಲಾಸ್ಟಿಕ್ ಚಾವಣಿ ಗಾಳಿಗೆ ಹರಿದು, ನಲವತ್ತು ದಿನ ಜೋಪಾನ ಮಾಡಿದ ‘ಬರ’ ಒಂದೇ ಮಳೆಗೆ ಕೊಚ್ಚಿಹೋಯಿತು. ಹೊದಿಕೆಯನ್ನು ಬಿಗಿಯಾಗಿ ಕಟ್ಟಿಸದೆ ಹೋದ ತಪ್ಪು ನನ್ನದೇ. ಬೆಳಿಗ್ಗೆ ಹೋದರೆ ಗಿಡಗಳು ನಳನಳಿಸುತ್ತಿದ್ದವು, ಪಕ್ಕದ ಹಳ್ಳಿಯಿಂದ ಕೆಲಸಕ್ಕೆ ಬಂದಿದ್ದ ಹೆಂಗಸರು ಒಳ್ಳೆ ಮಳೆಯಾಯಿತೆಂದು ಸಂತೋಷದಿಂದಿದ್ದರು, ಅವರ ಮುಂದೆ ಮುಖ ಸಪ್ಪಗೆ ಮಾಡಿಕೊಳ್ಳಲು ನನಗೆ ನಾಚಿಕೆಯಾಯಿತು.

ಅರ್ಜಿ ಹಾಕುವ ಮೊದಲು ಒಂದು ಹಿಂಗಾರು ಪೂರ್ತಿ ಯಾವುದಾದರೂ ಮಳೆಯಾಶ್ರಿತ ಸಂಶೋಧನಾ ಕ್ಷೇತ್ರದಲ್ಲಿ ಕೆಲಸ ಮಾಡಿ, ಬಿತ್ತನೆಯಿಂದ ಕಟಾವಿನವರೆಗೆ ಮಣ್ಣಿನ ತೇವವನ್ನು ವಾರವಾರವೂ ಅಳೆದು ನೋಡಿ. ಆ ಬೇಸರದ ಅಂಕಿಗಳ ನಡುವೆ ಎರಡು ತಳಿಗಳು ಬೇರೆ ಬೇರೆ ರೀತಿಯಲ್ಲಿ ನೀರು ಖರ್ಚು ಮಾಡುತ್ತಿರುವುದು ಕಂಡು ಕುತೂಹಲ ಹುಟ್ಟಿದರೆ ಬನ್ನಿ. ಹುಟ್ಟದಿದ್ದರೆ ತಳಿ ಅಭಿವೃದ್ಧಿ ಅಥವಾ ಬೀಜ ತಂತ್ರಜ್ಞಾನದತ್ತ ಹೋಗುವುದು ಒಳಿತು.