ಗೋಡೆ ದಪ್ಪ, ಸಿಗ್ನಲ್ ತೆಳು

ಪ್ರಶ್ನೆ: ನಮ್ಮದು ತೋಟದ ಮನೆ, ಅಜ್ಜನ ಕಾಲದ ಜಂಬಿಟ್ಟಿಗೆ ಗೋಡೆ. ಫೈಬರ್ ಬಂದಿದೆ, ರೌಟರ್ ಜಗಲಿಯಲ್ಲಿದೆ, ಅಲ್ಲಿ ನೆಟ್ ಚೆನ್ನಾಗಿದೆ. ಮಗ ಬೆಂಗಳೂರು ಬಿಟ್ಟು ಬಂದು ಮೆತ್ತಿನ ಕೋಣೆಯಲ್ಲಿ ಕೂತು ಕಂಪನಿ ಕೆಲಸ ಮಾಡುತ್ತಾನೆ. ಮೀಟಿಂಗ್ ಶುರುವಾದರೆ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಓಡಿ ಬರುತ್ತಾನೆ. 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿದರೆ ಸರಿಹೋದೀತೆ? ಅಂಗಡಿಯವರು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಹಾಕಿ ಅನ್ನುತ್ತಾರೆ.
— ಓದುಗರು, ಸಾಗರ ತಾಲ್ಲೂಕು

ಉತ್ತರ: ಪ್ಲಾನ್ ಏರಿಸಬೇಡಿ. 300 ತರಿಸಿದರೂ ಅದು ಜಗಲಿಯಲ್ಲೇ ಕೂರುತ್ತದೆ, ಮೆತ್ತು ಹತ್ತುವುದಿಲ್ಲ. ವಿಡಿಯೊ ಮೀಟಿಂಗಿಗೆ 4 ಎಂಬಿಪಿಎಸ್ ಸಿಕ್ಕರೆ ಧಾರಾಳವಾಯಿತು. ನಿಮಗೆ ಅಡ್ಡ ಬಂದಿರುವುದು ಗೋಡೆ.

ಖಾತ್ರಿ ಬೇಕಿದ್ದರೆ ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರ ರೌಟರಿಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. 90ರ ಮೇಲೆ ತೋರಿಸಿದರೆ ಕಂಪನಿಯವರ ತಪ್ಪೇನಿಲ್ಲ. ಆಮೇಲೆ ಫೋನಿನಲ್ಲಿ ನೋಡಿ, ಬಹುಶಃ ಎರಡು ವೈಫೈ ಹೆಸರು ಕಾಣುತ್ತವೆ. 5 ಗಿಗಾಹರ್ಟ್ಸಿನದು ವೇಗದ್ದು, ಆದರೆ ಗೋಡೆ ಕಂಡರೆ ಸೋಲುತ್ತದೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಮೆತ್ತಿನಲ್ಲಿ ಸದ್ಯಕ್ಕೆ 2.4ಕ್ಕೇ ಸೇರಿಕೊಳ್ಳಲಿ. ರೌಟರನ್ನು ಜಗಲಿಯ ಮೂಲೆಯಿಂದ ತೆಗೆದು ಮೆಟ್ಟಿಲಿನ ಬಾಯಿಯ ಹತ್ತಿರ, ಆಳೆತ್ತರದಲ್ಲಿ ಇಡುವುದಾದರೆ ಅರ್ಧ ಕಷ್ಟ ಪುಕ್ಕಟೆ ಕಳೆಯುತ್ತದೆ. ನಾನು ನೋಡಿದ ಮನೆಗಳಲ್ಲೆಲ್ಲ ಅದನ್ನು ಟಿವಿ ಹಿಂದೆಯೋ ಸ್ಟೀಲ್ ಬೀರುವಿನ ಪಕ್ಕವೋ ಬಚ್ಚಿಟ್ಟಿರುತ್ತಾರೆ, ಚಂದ ಕಾಣುವುದಿಲ್ಲವಂತೆ!

ರಿಪೀಟರ್ ನನಗೆ ಅಷ್ಟು ಹಿಡಿಸುವುದಿಲ್ಲ. ಅಗ್ಗದವು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ವೇಗ ಅಲ್ಲೇ ಅರ್ಧಕ್ಕಿಳಿಯುತ್ತದೆ. ಜನ ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಸಿಕ್ಕಿಸುತ್ತಾರೆ ಬೇರೆ. ಅದಕ್ಕೇ ಕೇಳಿಸದಿದ್ದ ಮೇಲೆ ಮುಂದಕ್ಕೆ ಏನು ದಾಟಿಸೀತು?

ನಿಮ್ಮಂಥ ಮನೆಗೆ ವೈರೇ ಸೈ. ಕ್ಯಾಟ್-6 ಎಂಬ ಲ್ಯಾನ್ ಕೇಬಲನ್ನು ಜಗಲಿಯಿಂದ ತೊಲೆಯ ಮಗ್ಗುಲಲ್ಲೇ ಎಳೆದು ಮೆತ್ತಿಗೆ ಹತ್ತಿಸಿ. 100 ಮೀಟರಿನವರೆಗೆ ವೇಗ ಇಳಿಯುವುದಿಲ್ಲ, ನಿಮಗೆ 20–25 ಸಾಕಾದೀತು. ಕರೆಂಟಿನ ವೈರಿರುವ ಪೈಪಿನೊಳಗೆ ಮಾತ್ರ ತುರುಕಬೇಡಿ. ತುದಿಗೆ ಕನೆಕ್ಟರ್ ಒತ್ತುವ ಹುಡುಗ ಎಂಟೂ ಎಳೆ ಸೇರಿಸಿದನೇ ನೋಡಿಕೊಳ್ಳಿ. ನಾಲ್ಕೇ ಸೇರಿಸಿ ಕೈತೊಳೆದುಕೊಂಡರೆ ಇವತ್ತಿಗೆ ನಡೆಯುತ್ತದೆ, ಆದರೆ ಆ ವೈರು 100 ಎಂಬಿಪಿಎಸ್ ದಾಟುವುದಿಲ್ಲ. ಮೇಲಿನ ತುದಿಗೆ ಇನ್ನೊಂದು ಸಾಧಾರಣ ರೌಟರ್ ಹಾಕಿ, ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವೈರಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹಂಚುವುದಷ್ಟೇ ಅದರ ಕೆಲಸ) ಆರಿಸಿ, ಕೆಳಗಿನ ಹೆಸರು-ಪಾಸ್‌ವರ್ಡನ್ನೇ ಕೊಡಿ. ಮೆಟ್ಟಿಲು ಹತ್ತುವಾಗ ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ. ಕೆಲವು ಫೋನು ಹಳೆಯದನ್ನೇ ಹಿಡಿದು ಕೂರುತ್ತವೆ, ಆಗ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ನಿಮ್ಮ ಕಡೆ ಸಿಡಿಲಿನ ಕಾಟ, ಅದನ್ನೂ ಹೇಳಿಬಿಡುತ್ತೇನೆ. ತಾಮ್ರದ ಕೇಬಲನ್ನು ಅಂಗಳ ದಾಟಿಸಿ ಕೊಟ್ಟಿಗೆಗೋ ಅಡಿಕೆ ಬೇಯಿಸುವ ಮನೆಗೋ ಒಯ್ಯಬೇಡಿ. ಅಲ್ಲಿಗೂ ಬೇಕೆಂದರೆ ಲೋಹದ ತಂತಿ ಇಲ್ಲದ ಫೈಬರನ್ನೇ ಎಳೆಸಿ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ರೌಟರಿನ ಪ್ಲಗ್ ಕಿತ್ತಿಡಿ, ಲ್ಯಾನ್ ವೈರನ್ನೂ ಕೀಳಿ. ಪ್ಲಗ್ ಕಿತ್ತವರೂ ಲ್ಯಾನ್ ವೈರನ್ನು ಮರೆಯುತ್ತಾರೆ.

ಪ್ರಶ್ನೆ: ನನ್ನದು 100 ಎಂಬಿಪಿಎಸ್ ಪ್ಲಾನ್. ಸಿನಿಮಾ ಇಳಿಸುವಾಗ ಕಂಪ್ಯೂಟರ್ ಸೆಕೆಂಡಿಗೆ 11–12 ಎಂಬಿ ಎಂದಷ್ಟೇ ತೋರಿಸುತ್ತದೆ. ಇದು ಮೋಸವಲ್ಲವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಕಂಪನಿ ಹೇಳುವುದು ಬಿಟ್ ಲೆಕ್ಕ, ಕಂಪ್ಯೂಟರ್ ತೋರಿಸುವುದು ಬೈಟ್ ಲೆಕ್ಕ. 8 ಬಿಟ್ ಸೇರಿ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5, ನಿಮಗೆ ಬರಬೇಕಾದ್ದೇ ಬರುತ್ತಿದೆ. ರಾತ್ರಿ ಹೊತ್ತು 2–3 ಎಂಬಿಗೆ ಇಳಿದರೆ ಆಗ ದೂರು ಕೊಡಿ. ಲ್ಯಾನ್ ವೈರಿನಲ್ಲಿ ಅಳೆದ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ವೈಫೈನಲ್ಲಿ ಅಳೆದದ್ದಾದರೆ ‘ನಿಮ್ಮ ಮನೆ ಗೋಡೆ ಸರ್’ ಎಂದು ಸಾಗಹಾಕುತ್ತಾರೆ.